ಪರಿಹಾರ ಸಾಲದು, ಹೊಣೆ ಬೇಕು

ಜಾರ್ಜಿಯಾದ ಫುಲ್ಟನ್ ಕೌಂಟಿಯ ಈಶಾನ್ಯ ಮೂಲೆಯಲ್ಲಿರುವ ಜಾನ್ಸ್ ಕ್ರೀಕ್ 2006ರಲ್ಲಷ್ಟೇ ನಗರವೆಂಬ ಮನ್ನಣೆ ಪಡೆದ ಊರು. ಒಳ್ಳೆಯ ಶಾಲೆ, ಅಚ್ಚುಕಟ್ಟಾದ ಹುಲ್ಲುಹಾಸು, ವಾರಾಂತ್ಯದ ಹಬ್ಬಗಳ ನಡುವೆ ನೆಲೆಸಿರುವ ಇಲ್ಲಿನ ಕನ್ನಡ ಕುಟುಂಬಗಳಿಗೆ ನ್ಯಾಯಾಲಯವೆಂದರೆ ಬಹುಮಟ್ಟಿಗೆ ಪೌರತ್ವದ ಪ್ರಮಾಣವಚನ ಸ್ವೀಕರಿಸಿದ ಕಟ್ಟಡ, ಹೆಚ್ಚೆಂದರೆ ವೇಗದ ಚಾಲನೆಗೆ ದಂಡ ಕಟ್ಟಿದ ಜಾಗ. ಈ ಊರಿನಿಂದ ದೂರವೇನೂ ಅಲ್ಲದ ಕಾಬ್ ಕೌಂಟಿಯ ನ್ಯಾಯಾಲಯವೊಂದರಲ್ಲಿ 2025ರ ಮಾರ್ಚ್‌ನಲ್ಲಿ ನಡೆದ ಒಂದು ಘಟನೆ ಮಾತ್ರ ಅವರ ಗಮನಕ್ಕೆ ಬರಬೇಕಿತ್ತು. ರೌಂಡಪ್ ಎಂಬ ಕಳೆನಾಶಕ ಬಳಸಿದ್ದರಿಂದಲೇ ತನಗೆ ಲಿಂಫೋಮಾ ಕ್ಯಾನ್ಸರ್ ಬಂತೆಂದು ದೂರಿದ್ದ ವ್ಯಕ್ತಿಯೊಬ್ಬರ ಪರವಾಗಿ ಅಲ್ಲಿನ ಜ್ಯೂರಿ ತೀರ್ಪು ಕೊಟ್ಟಿತು. ನಷ್ಟಭರ್ತಿಯಾಗಿ 6.5 ಕೋಟಿ ಡಾಲರ್, ದಂಡರೂಪದಲ್ಲಿ 200 ಕೋಟಿ ಡಾಲರ್ ಕೊಡುವಂತೆ ಮಾನ್ಸಾಂಟೊ ಕಂಪನಿಗೆ, ಅಂದರೆ 2018ರಲ್ಲಿ ಅದನ್ನು ಕೊಂಡ ಬೇಯರ್‌ಗೆ, ಹೇಳಿತು.

ಎರಡೇ ತಿಂಗಳಲ್ಲಿ ಇನ್ನೊಂದು ಸುದ್ದಿ ಬಂತು. ಅದೇ ವರ್ಷದ ಮೇ ತಿಂಗಳಲ್ಲಿ ರಾಜ್ಯಪಾಲ ಬ್ರಯಾನ್ ಕೆಂಪ್ ಸೆನೆಟ್ ಮಸೂದೆ 144ಕ್ಕೆ ಸಹಿ ಹಾಕಿದರು. ಕೀಟನಾಶಕ ಅಥವಾ ಕಳೆನಾಶಕದ ಡಬ್ಬಿಯ ಮೇಲಿನ ಚೀಟಿಗೆ ಕೇಂದ್ರದ ಪರಿಸರ ಸಂರಕ್ಷಣಾ ಸಂಸ್ಥೆಯ ಒಪ್ಪಿಗೆಯಿದ್ದರೆ ತಯಾರಕರು ಜನರಿಗೆ ಕೊಡಬೇಕಾದ ಎಚ್ಚರಿಕೆಯನ್ನು ಕೊಟ್ಟಂತೆಯೇ ಸರಿ ಎಂಬುದು ಅದರ ಸಾರಾಂಶ. 2026ರ ಜನವರಿ 1ರಿಂದ ಅದು ಜಾರಿಗೆ ಬಂದಿದೆ. ಇಂಥ ಕವಚ ತೊಡಿಸಿದ ರಾಜ್ಯಗಳಲ್ಲಿ ಉತ್ತರ ಡಕೋಟಾ ಮೊದಲನೆಯದು, ಜಾರ್ಜಿಯಾ ಎರಡನೆಯದು. ಇದಕ್ಕೂ ಮುನ್ನ, ಏಪ್ರಿಲ್‌ನಲ್ಲಿ, ನಷ್ಟಭರ್ತಿ ದಾವೆಗಳ ವ್ಯಾಪ್ತಿಯನ್ನು ಒಟ್ಟಾರೆ ಕುಗ್ಗಿಸುವ ಸೆನೆಟ್ ಮಸೂದೆ 68 ಕಾಯ್ದೆಯಾಗಿತ್ತು. ಜನರ ಕೈಯಲ್ಲಿದ್ದ ಒಂದು ಹತಾರವನ್ನು ಶಾಸನಸಭೆ ಸದ್ದಿಲ್ಲದೆ ಮೊಂಡು ಮಾಡುತ್ತಿದೆ. ಆ ಹತಾರ ಯಾವುದು, ಅದಿಲ್ಲದ ಊರಿನಲ್ಲಿ ಬದುಕು ಹೇಗಿರುತ್ತದೆ ಎಂಬುದನ್ನು ತಿಳಿಯಲು ಕನ್ನಡಿಗರು ಬೇರೆಲ್ಲೂ ಹೋಗಬೇಕಿಲ್ಲ. ಕಾಸರಗೋಡಿನ ಕಡೆ ತಿರುಗಿ ನೋಡಿದರೆ ಸಾಕು.

ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯಿತಿಯ ಪಡ್ರೆ, ಸ್ವರ್ಗ, ವಾಣೀನಗರಗಳು ಕನ್ನಡ, ತುಳು, ಮಲಯಾಳ ಮೂರೂ ಬೆರೆತ ಗಡಿನೆಲ. ಗುಡ್ಡದ ಮೇಲೆ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟ, ಅದರ ಕೆಳಗೆ ಮನೆಗಳು, ಅಡಿಕೆ ತೋಟ, ತೋಡು, ಕುಡಿಯುವ ನೀರಿನ ಸುರಂಗಗಳು. ಗೇರಿಗೆ ಬೀಳುವ ಟೀ ಸೊಳ್ಳೆಯನ್ನು ಕೊಲ್ಲಲೆಂದು 1970ರ ದಶಕದ ಉತ್ತರಾರ್ಧದಿಂದ 2000ದವರೆಗೆ, ಹೆಚ್ಚುಕಡಿಮೆ ಕಾಲು ಶತಮಾನ, ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ಮೇಲೆ ಸುರಿದದ್ದು ಕೆಳಗೆ ಇಳಿಯುತ್ತದೆ ಎಂಬುದಕ್ಕೆ ವಿಜ್ಞಾನ ಬೇಕಿರಲಿಲ್ಲ. ಕೈಕಾಲು ಸೊಟ್ಟಗಿದ್ದ ಕರುಗಳು ಹುಟ್ಟುತ್ತಿರುವುದನ್ನು ಆರಂಭದಲ್ಲೇ ಗುರುತಿಸಿ ಬರೆದವರು ಅದೇ ಊರಿನ ಪತ್ರಕರ್ತ ಶ್ರೀಪಡ್ರೆ. ಮುಂದೆ ಮನುಷ್ಯರ ಮಕ್ಕಳಲ್ಲೂ ಅಸಹಜತೆಗಳು ಕಂಡಾಗ, ಒಂದೇ ಊರಿನಲ್ಲಿ ಇಷ್ಟೊಂದು ಕಾಯಿಲೆ ಏಕೆ ಎಂದು ಪಟ್ಟುಹಿಡಿದು ಕೇಳಿದವರು ವಾಣೀನಗರದ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್.

ಸಿಂಪಡಣೆಯನ್ನು ತಡೆದದ್ದು ಸಚಿವಾಲಯವಲ್ಲ, ಸರ್ವೋಚ್ಚ ನ್ಯಾಯಾಲಯವೂ ಅಲ್ಲ. ಪುಲ್ಲೂರು ಪೆರಿಯದ ಕೃಷಿ ಇಲಾಖೆಯ ನೌಕರಿ ಲೀಲಾಕುಮಾರಿ ಅಮ್ಮ 1998ರಲ್ಲಿ ಹೊಸದುರ್ಗದ ಮುನ್ಸಿಫ್ ನ್ಯಾಯಾಲಯದ ಬಾಗಿಲು ತಟ್ಟಿದರು. ಸರ್ಕಾರದ ಸಂಬಳ ಪಡೆಯುತ್ತಿದ್ದ ಹೆಣ್ಣುಮಗಳೊಬ್ಬಳು ಸರ್ಕಾರದ್ದೇ ಕಾರ್ಪೊರೇಶನ್ನಿನ ಮೇಲೆ, ನ್ಯಾಯಾಂಗದ ಏಣಿಯ ಕಟ್ಟಕಡೆಯ ಮೆಟ್ಟಿಲಲ್ಲಿ ನಿಂತು ದಾವೆ ಹೂಡಿದಳು. ಆ ಸಣ್ಣ ನ್ಯಾಯಾಲಯದ ತಡೆಯಾಜ್ಞೆಯೇ ಹೆಲಿಕಾಪ್ಟರನ್ನು ನೆಲಕ್ಕಿಳಿಸಿತು. 2011ರ ಏಪ್ರಿಲ್‌ನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಎಂಡೋಸಲ್ಫಾನನ್ನು ನಿಷೇಧಿತ ವಿಷಗಳ ಪಟ್ಟಿಗೆ ಸೇರಿಸಿದ್ದು, ಮೇ 13ರಂದು ಭಾರತದ ಸರ್ವೋಚ್ಚ ನ್ಯಾಯಾಲಯ ದೇಶದಾದ್ಯಂತ ಅದನ್ನು ತಡೆದದ್ದು ಇವೆಲ್ಲ ಹತ್ತು ವರ್ಷ ತಡವಾಗಿ ಬಂದ ದೊಡ್ಡ ಸುದ್ದಿಗಳು.

ಆದರೆ ಲೀಲಾಕುಮಾರಿ ಅಮ್ಮನ ದಾವೆ ವಿಷ ಸುರಿಯುವುದನ್ನು ನಿಲ್ಲಿಸಿರೆಂದು ಕೇಳಿದ ದಾವೆ. ಸುರಿದು ಮುಗಿದದ್ದಕ್ಕೆ ಯಾರು ಹೊಣೆ ಎಂಬ ಪ್ರಶ್ನೆ ಬೇರೆಯೇ ಆಗಿತ್ತು, ಅದು ಕೊನೆಗೂ ಬೇರೆಯಾಗಿಯೇ ಉಳಿಯಿತು. 2010ರ ಕೊನೆಯಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಮೃತರ ಕುಟುಂಬಗಳಿಗೂ ಹಾಸಿಗೆ ಹಿಡಿದವರಿಗೂ ತಲಾ 5 ಲಕ್ಷ ರೂಪಾಯಿ ಕೊಡಲು ಶಿಫಾರಸು ಮಾಡಿತು. 2017ರ ಜನವರಿ 10ರಂದು ಸರ್ವೋಚ್ಚ ನ್ಯಾಯಾಲಯ, ಡಿವೈಎಫ್‌ಐ ಹೂಡಿದ್ದ ಮೊಕದ್ದಮೆಯಲ್ಲಿ, ಮೂರು ತಿಂಗಳೊಳಗೆ ತಲಾ 5 ಲಕ್ಷ ಕೊಡಬೇಕೆಂದು ಕೇರಳ ಸರ್ಕಾರಕ್ಕೆ ಆದೇಶಿಸಿತು. ಐದು ವರ್ಷ ಕಳೆದ ಮೇಲೆ, 2022ರ ಮೇ ತಿಂಗಳಲ್ಲಿ, 3,704 ಸಂತ್ರಸ್ತರಲ್ಲಿ ಹಣ ಸಿಕ್ಕಿದ್ದು ಕೇವಲ ಎಂಟು ಮಂದಿಗೆ, ಅದೂ ನ್ಯಾಯಾಲಯದ ಬಾಗಿಲಿಗೆ ಬಂದವರಿಗೆ, ಎಂದು ಅದೇ ನ್ಯಾಯಾಲಯ ಸರ್ಕಾರವನ್ನು ತರಾಟೆಗೆ ತೆಗೆದುಕೊಂಡಿತು.

ಕನ್ನಡದಲ್ಲಿ 'ಪರಿಹಾರ' ಎಂಬ ಒಂದೇ ಪದ ಸಮಸ್ಯೆಯ ಬಿಡುಗಡೆಗೂ ಸರ್ಕಾರ ಕೊಡುವ ಹಣಕ್ಕೂ ಸಲ್ಲುತ್ತದೆ. ಬರ ಪರಿಹಾರ, ನೆರೆ ಪರಿಹಾರ, ಎಂಡೋಸಲ್ಫಾನ್ ಪರಿಹಾರ ಎಲ್ಲವೂ ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಮಳೆ ಬಾರದಿರುವುದಕ್ಕೆ ಯಾರೂ ಹೊಣೆಯಲ್ಲ, ಹಾಗೆಯೇ ವಿಷಕ್ಕೂ ಯಾರೂ ಹೊಣೆಯಲ್ಲ ಎಂಬ ಭಾವನೆಯನ್ನು ಈ ಪದ ಮೆಲ್ಲಗೆ ಬಿತ್ತುತ್ತದೆ. ಪ್ರಭುತ್ವ ದಾನಿಯಾಗುತ್ತದೆ, ಸಂತ್ರಸ್ತರು ಫಲಾನುಭವಿಗಳಾಗುತ್ತಾರೆ, ಕಂಪನಿಯ ಹೆಸರು ವಾಕ್ಯದಿಂದಲೇ ಮಾಯವಾಗುತ್ತದೆ. ನಿರ್ಲಕ್ಷ್ಯದ ದಾವೆ ಈ ವ್ಯಾಕರಣವನ್ನು ತಲೆಕೆಳಗು ಮಾಡುತ್ತದೆ. ಅದು ವಾಕ್ಯಕ್ಕೊಂದು ಕರ್ತೃಪದವನ್ನು ಕೇಳುತ್ತದೆ.

ಆ ದಾವೆಯ ಹಂದರ ಸರಳ. ಎದುರಾಳಿಗೆ ಎಚ್ಚರಿಕೆ ವಹಿಸುವ ಕರ್ತವ್ಯವಿತ್ತು, ಆ ಕರ್ತವ್ಯವನ್ನು ಆತ ಮುರಿದ, ಮುರಿದದ್ದರಿಂದಲೇ ಹೀಗಾಯಿತು, ಆದ ಹಾನಿ ಇಂತಿಷ್ಟು ಎಂಬ ನಾಲ್ಕನ್ನು ದಾವೆದಾರ ತೋರಿಸಬೇಕು. ಕ್ರಿಮಿನಲ್ ಮೊಕದ್ದಮೆಯಂತೆ ಸಂಶಯಕ್ಕೆಡೆಯಿಲ್ಲದಂತೆ ರುಜುವಾತು ಮಾಡಬೇಕಿಲ್ಲ. ಆಗಿರುವ ಸಂಭವವೇ ಹೆಚ್ಚು ಎಂದು ಮನಗಾಣಿಸಿದರೆ ಸಾಕು. ಆದರೂ ಮೂರನೆಯ ಮೆಟ್ಟಿಲೇ ಕಡಿದು. ಕಾಸರಗೋಡಿನಲ್ಲಿ ಸಮಿತಿಯ ಮೇಲೆ ಸಮಿತಿ ಬಂದು ಮಗುಚಿ ಹಾಕಿದ್ದು ಇದೊಂದೇ ಪ್ರಶ್ನೆಯನ್ನು: ಈ ಕಾಯಿಲೆಗೆ ಈ ವಿಷವೇ ಕಾರಣವೇ? ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಪಡ್ರೆಯ ಶಾಲಾ ಬಾಲಕರ ಲೈಂಗಿಕ ಬೆಳವಣಿಗೆ ತಡವಾಗಿದ್ದನ್ನು ದಾಖಲಿಸಿ 2003ರಲ್ಲಿ ಅಂತರರಾಷ್ಟ್ರೀಯ ನಿಯತಕಾಲಿಕದಲ್ಲಿ ಪ್ರಕಟಿಸಿತು. ಸಂಬಂಧ ಸಾಬೀತಾಗಿಲ್ಲ ಎಂದ ಸಮಿತಿಗಳೂ ಇದ್ದವು. ಬಡವನ ರಕ್ತ ಪದೇಪದೇ ಪರೀಕ್ಷೆಗೆ ಹೋಯಿತು. ಕಂಪನಿಯ ಕಡತ ಮಾತ್ರ ಕಪಾಟಿನಲ್ಲೇ ಉಳಿಯಿತು.

ಅಮೆರಿಕದ ಸಿವಿಲ್ ದಾವೆಯ ನಿಜವಾದ ಬಲ ಇರುವುದು ಈ ಕಪಾಟನ್ನು ತೆರೆಸುವುದರಲ್ಲಿ. ದಾವೆ ದಾಖಲಾದ ಮೇಲೆ ಎರಡೂ ಕಡೆಯವರು ಸಂಬಂಧಪಟ್ಟ ದಾಖಲೆಗಳನ್ನು ಪರಸ್ಪರ ಒಪ್ಪಿಸಬೇಕು, ಪ್ರಮಾಣ ಮಾಡಿ ಪ್ರಶ್ನೆಗಳಿಗೆ ಉತ್ತರಿಸಬೇಕು. ಮಾನ್ಸಾಂಟೊದ ಒಳಗಿನ ಪತ್ರವ್ಯವಹಾರ 2017ರಲ್ಲಿ ಜಗತ್ತಿಗೆ ತಿಳಿದದ್ದು ಹೀಗೆ. ಯಾವ ನಿಯಂತ್ರಕ ಸಂಸ್ಥೆಯೂ ಅದನ್ನು ಹೊರಗೆಳೆದಿರಲಿಲ್ಲ. ಮುಚ್ಚಿಟ್ಟವರನ್ನು ಶಿಕ್ಷಿಸಲು ಬೇರೆ ಕಾನೂನುಗಳಿವೆಯಲ್ಲ ಎಂದು ಹೊಸ ಕಾಯ್ದೆಯ ಸಮರ್ಥಕರು ಹೇಳಬಹುದು. ಆದರೆ ಮುಚ್ಚಿಟ್ಟದ್ದು ಬಯಲಾಗುವುದೇ ದಾವೆಯಿಂದ. ದಾವೆಯನ್ನೇ ತಡೆದರೆ ಮುಚ್ಚಿಟ್ಟದ್ದು ಇದೆ ಎಂಬುದೂ ಗೊತ್ತಾಗದು.

ಭಾರತದ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲೂ ದಾಖಲೆ ತರಿಸುವ ಅವಕಾಶವಿದೆ, ಬಳಕೆ ವಿರಳ. ಕೇಳುವ ಮೊತ್ತಕ್ಕೆ ತಕ್ಕಂತೆ ನ್ಯಾಯಾಲಯ ಶುಲ್ಕ ಏರುತ್ತದೆ; ಗೆದ್ದರೆ ಮಾತ್ರ ಪಾಲು ಪಡೆಯುವ ಕರಾರಿನ ಮೇಲೆ ವಕೀಲರು ವಾದಿಸುವಂತಿಲ್ಲ; ಕಾಯುವಿಕೆಗೆ ಕೊನೆಯಿಲ್ಲ. ಭೋಪಾಲದ ದಾರಿಯೂ ಹೀಗೆಯೇ ಮುಚ್ಚಿತು. 1985ರ ಕಾಯ್ದೆ ಸಂತ್ರಸ್ತರ ಪರವಾಗಿ ದಾವೆ ಹೂಡುವ ಹಕ್ಕನ್ನು ಸರ್ಕಾರವೊಂದಕ್ಕೇ ಕೊಟ್ಟಿತು; 1986ರಲ್ಲಿ ನ್ಯೂಯಾರ್ಕಿನ ನ್ಯಾಯಾಧೀಶ ಜಾನ್ ಕೀನನ್ ಈ ವ್ಯಾಜ್ಯ ಭಾರತದಲ್ಲೇ ನಡೆಯಲಿ ಎಂದರು; 1989ರಲ್ಲಿ 47 ಕೋಟಿ ಡಾಲರಿಗೆ ರಾಜಿಯಾಯಿತು. ಪೂರ್ಣ ವಿಚಾರಣೆಯಲ್ಲಿ ಯೂನಿಯನ್ ಕಾರ್ಬೈಡಿನ ಹೊಣೆ ತೂಗಲ್ಪಡುವ ಮೊದಲೇ ಲೆಕ್ಕ ಚುಕ್ತಾ ಆಗಿಹೋಯಿತು.

ಚೀಟಿಗೆ ಒಪ್ಪಿಗೆಯಿದ್ದರೆ ಸಾಕೆಂಬ ವಾದವನ್ನೂ ಕಾಸರಗೋಡಿನ ಬೆಳಕಿನಲ್ಲಿ ಓದಬೇಕು. ಎಂಡೋಸಲ್ಫಾನ್ ಕಳ್ಳಸಾಗಣೆಯ ಸರಕಾಗಿರಲಿಲ್ಲ. ಅದು ಕಾನೂನುಬದ್ಧವಾಗಿ ನೋಂದಾಯಿತವಾದ ಕೀಟನಾಶಕ. ಕೇಂದ್ರ ಸರ್ಕಾರದ್ದೇ ಹಿಂದೂಸ್ತಾನ್ ಇನ್ಸೆಕ್ಟಿಸೈಡ್ಸ್ ಅದನ್ನು ತಯಾರಿಸುತ್ತಿತ್ತು. ಅಮೆರಿಕದಲ್ಲೂ ಅದು ದಶಕಗಳ ಕಾಲ ಒಪ್ಪಿಗೆಯ ಚೀಟಿ ಹೊತ್ತೇ ಮಾರಾಟವಾಯಿತು. ಇಲ್ಲಿನ ಸಂಸ್ಥೆ ಅದನ್ನು ಕೊನೆಗಾಣಿಸಲು ನಿರ್ಧರಿಸಿದ್ದು 2010ರಲ್ಲಿ. ಒಪ್ಪಿಗೆ ಎಂಬುದು ಅಂದಿನ ತಿಳಿವಳಿಕೆಯ ಮುದ್ರೆಯೇ ಹೊರತು ಸತ್ಯದ ಮುದ್ರೆಯಲ್ಲ. ಆ ತಿಳಿವಳಿಕೆಗೆ ಬೇಕಾದ ಪ್ರಯೋಗಗಳ ಬಹುಪಾಲನ್ನು ಒದಗಿಸುವವರು ತಯಾರಕರೇ ಎಂಬುದನ್ನೂ ಮರೆಯುವಂತಿಲ್ಲ.

ಎದುರು ವಾದದಲ್ಲಿ ಹುರುಳಿಲ್ಲವೆಂದಲ್ಲ. ರೌಂಡಪ್‌ನ ಮೂಲದ್ರವ್ಯವಾದ ಗ್ಲೈಫೊಸೇಟ್ ಕ್ಯಾನ್ಸರ್ ತರುವ ಸಂಭವವಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಹೇಳಿದರೆ, ಅಮೆರಿಕದ ನಿಯಂತ್ರಕರು ಅದನ್ನು ಒಪ್ಪಿಲ್ಲ. ಜ್ಯೂರಿ ಘೋಷಿಸುವ ದೈತ್ಯ ಮೊತ್ತ ಮೇಲ್ಮನವಿಯಲ್ಲಿ ಕರಗುವುದು ಸಾಮಾನ್ಯ. ಗೆದ್ದ ಹಣದಲ್ಲಿ ಮೂರನೆಯ ಒಂದು ಪಾಲು ಅಥವಾ ಅದಕ್ಕೂ ಹೆಚ್ಚು ವಕೀಲರಿಗೆ ಹೋಗುವುದುಂಟು. ವಿಮೆಯ ಕಂತು ಏರಿ ಸಣ್ಣ ಅಂಗಡಿ, ಹೋಟೆಲು, ಕ್ಲಿನಿಕ್ಕುಗಳಿಗೆ ಹೊರೆಯಾಗುತ್ತದೆಂಬ ದೂರು ಜಾನ್ಸ್ ಕ್ರೀಕಿನ ಕನ್ನಡ ವೈದ್ಯರ, ವ್ಯಾಪಾರಿಗಳ ಮಾತಿನಲ್ಲೂ ಕೇಳಿಬರುವಂಥದ್ದೇ. ಈ ದೂರುಗಳಿಗೆಲ್ಲ ಮದ್ದು ಹುಡುಕಬಹುದು. ಆದರೆ ಸಣ್ಣ ಅಂಗಡಿಯ ಹೆಸರು ಹೇಳಿಕೊಂಡು ತಂದ ಕಾನೂನಿನ ನೆರಳಲ್ಲಿ ಜಗತ್ತಿನ ದೊಡ್ಡ ರಾಸಾಯನಿಕ ಕಂಪನಿಗಳು ತಂಗುವುದಾದರೆ, ಆ ಚಪ್ಪರ ಯಾರಿಗಾಗಿ ಹಾಕಿದ್ದೆಂದು ಕೇಳಲೇಬೇಕಾಗುತ್ತದೆ.

ವಲಸಿಗರ ನಡುವೆ ದಾವೆಯ ಬಗ್ಗೆ ಇನ್ನೊಂದು ಅಳುಕೂ ಇದೆ. ವ್ಯಾಜ್ಯವೆಂದರೆ ಮರ್ಯಾದಸ್ಥರಿಗೆ ಹೇಳಿದ್ದಲ್ಲ, ಕೋರ್ಟು ಮೆಟ್ಟಿಲು ಹತ್ತಿದವನು ಮನೆ ಮಾರಿಕೊಂಡ ಎಂಬ ಊರಿನ ಅನುಭವಜ್ಞಾನ ಸಮುದ್ರ ದಾಟಿ ಬಂದಿದೆ. ಅದಕ್ಕೆ ವೀಸಾ, ಉದ್ಯೋಗ, ಒಳ್ಳೆಯ ವಲಸಿಗರೆಂಬ ಹೆಸರಿನ ಚಿಂತೆಗಳು ಕೂಡಿಕೊಂಡಿವೆ. ಹೀಗಾಗಿ ಹಾನಿಯಾದರೂ ಸುಮ್ಮನಿರುವುದೇ ಸಭ್ಯತೆಯಾಗುತ್ತದೆ. ಜಾರ್ಜಿಯಾದಲ್ಲಿ ದೈಹಿಕ ಹಾನಿಯ ದಾವೆಗೆ ಸಾಮಾನ್ಯವಾಗಿ ಎರಡೇ ವರ್ಷದ ಗಡುವು. ಸಭ್ಯತೆಯಿಂದ ಕಾದವರ ಹಕ್ಕು ಆ ಗಡುವಿನೊಂದಿಗೇ ಅಳಿಯುತ್ತದೆ. ಕಾಯಿಲೆ ಕಂಡ ದಿನದಿಂದಲೇ ವೈದ್ಯಕೀಯ ದಾಖಲೆ, ಬಳಸಿದ ವಸ್ತುವಿನ ರಸೀದಿ, ಡಬ್ಬಿ, ಛಾಯಾಚಿತ್ರಗಳನ್ನು ಕಾಪಿಡುವುದು ಜಗಳಗಂಟತನವಲ್ಲ, ಪೌರಪ್ರಜ್ಞೆ.

ದಾವೆ ಹೂಡುವ ಸಂದರ್ಭ ಬಾರದವರಿಗೂ ಒಂದು ಪಾತ್ರವಿದೆ. ಪೌರತ್ವ ಪಡೆದವರ ಅಂಚೆಪೆಟ್ಟಿಗೆಗೆ ಒಂದಲ್ಲ ಒಂದು ದಿನ ಜ್ಯೂರಿಯ ಕರೆ ಬರುತ್ತದೆ. ಅದರಿಂದ ನುಣುಚಿಕೊಳ್ಳುವ ಉಪಾಯಗಳು ಗೆಳೆಯರ ಕೂಟಗಳಲ್ಲಿ ಚಲಾವಣೆಯಲ್ಲಿವೆ. ಆದರೆ ಸಾಮಾನ್ಯ ಪ್ರಜೆ ಬಹುರಾಷ್ಟ್ರೀಯ ಕಂಪನಿಯ ನಡೆಯನ್ನು ತೂಗಿ ನೋಡುವ ಅಧಿಕಾರ ಪಡೆಯುವ ಜಾಗ ಈ ದೇಶದಲ್ಲಿ ಬಹುಶಃ ಅದೊಂದೇ. ಎಣ್ಮಕಜೆಯ ತಾಯಂದಿರಿಗೆ ಅಂಥ ಹನ್ನೆರಡು ಜನ ಸಿಗಲಿಲ್ಲ. ಪ್ರತಿ ಜನವರಿಯಲ್ಲಿ ಅಟ್ಲಾಂಟಾದಲ್ಲಿ ಸೇರುವ ಶಾಸನಸಭೆಯ ಪ್ರತಿನಿಧಿಗಳೂ ಜಾನ್ಸ್ ಕ್ರೀಕಿನ ಮತದಾರರಿಗೆ ಉತ್ತರ ಕೊಡಬೇಕಾದವರೇ. ದೀಪಾವಳಿ ಶುಭಾಶಯ ಪಡೆಯಲು ಅವರನ್ನು ವೇದಿಕೆಗೆ ಕರೆಯುವವರು ಮಸೂದೆ 144ಕ್ಕೆ ಅವರು ಹೇಗೆ ಮತ ಹಾಕಿದರೆಂದೂ ಅದೇ ವೇದಿಕೆಯಲ್ಲಿ ಕೇಳಬಹುದು.

ಕಾಸರಗೋಡಿನ ಸಂತ್ರಸ್ತರಿಗೆ ಬರಬೇಕಾದ ಹಣ ಬರಲೇಬೇಕು. ಪ್ರಗತಿಪರರು ಅದಕ್ಕಾಗಿ ದನಿ ಎತ್ತುತ್ತಲೇ ಇರಬೇಕು. ಆದರೆ ಹಣವೆಲ್ಲ ಸಂದ ಮೇಲೂ ಒಂದು ಪ್ರಶ್ನೆ ಬಾಕಿ ಉಳಿಯುತ್ತದೆ: ಯಾರಿಗೆ, ಯಾವಾಗ, ಏನು ಗೊತ್ತಿತ್ತು? ಅದನ್ನು ಕೇಳುವ ಹಕ್ಕು ಅಲ್ಲಿ ಜನರ ಕೈಗೆ ಸರಿಯಾಗಿ ಎಟುಕಲೇ ಇಲ್ಲ. ಇಲ್ಲಿ ಎಟುಕಿದ್ದು ಕೈಜಾರುತ್ತಿದೆ. ಎರಡೂ ನೆಲಗಳನ್ನು ಬಲ್ಲವರು ಇದನ್ನು ಕಂಡೂ ಸುಮ್ಮನಿದ್ದರೆ, ಅದೂ ಒಂದು ಬಗೆಯ ನಿರ್ಲಕ್ಷ್ಯವೇ.