ತಪ್ಪೊಪ್ಪಿಕೊಂಡ ಅಂತ ಬರೆಯೋ ಮುಂಚೆ

ನಾವು ಸುದ್ದಿ ಬರೆಯುವವರಿಗೆ ಒಂದು ಸಾಲು ಬಾಯಿಪಾಠ ಆಗಿಬಿಟ್ಟಿದೆ: ‘ವಿಚಾರಣೆ ವೇಳೆ ಆರೋಪಿ ತಪ್ಪೊಪ್ಪಿಕೊಂಡಿದ್ದಾನೆ.’ ಸ್ಟೇಷನ್‌ನಿಂದ ವಾಟ್ಸ್‌ಆ್ಯಪ್‌ಗೆ ಬಂದದ್ದನ್ನು ಹಾಗೇ ಕಳಿಸುತ್ತೇವೆ. ಕೆಲವು ವರ್ಷಗಳ ಹಿಂದೆ ಪಂಪ್‌ಸೆಟ್ ಕೇಬಲ್ ಕಳವಿನಲ್ಲಿ ಸಿಕ್ಕ ಒಬ್ಬ ಹುಡುಗನ ಬಗ್ಗೆ ಹೀಗೇ ಬರೆದೆವು, ಫೋಟೊ ಸಮೇತ. ಮುಂದೆ ಕೋರ್ಟು ಅವನನ್ನು ಬಿಟ್ಟಿತು. ಆ ಸುದ್ದಿಗೆ ಪುಟದಲ್ಲಿ ಜಾಗ ಸಿಗಲಿಲ್ಲ. ಊರಲ್ಲಿ ಅವನಿಗೆ ಇವತ್ತಿಗೂ ‘ಕೇಬಲ್’ ಅಂತಲೇ ಹೆಸರು.

ಮಾಡದ ತಪ್ಪನ್ನು ಯಾರಾದರೂ ಒಪ್ಪಿಕೊಳ್ಳುತ್ತಾರಾ ಅಂತ ನೀವು ಕೇಳುತ್ತೀರಿ. ಇದೊಂದೇ ಪ್ರಶ್ನೆಯ ಬೆನ್ನು ಹತ್ತಿ ಜೀವನ ಸವೆಸಿದವರು ಗಿಸ್ಲಿ ಗುಡ್ಯೋನ್‌ಸನ್. ಐಸ್‌ಲ್ಯಾಂಡ್ ದೇಶದವರು, ಮೊದಲು ರೇಕ್ಯಾವಿಕ್‌ನಲ್ಲಿ ಪೊಲೀಸ್ ಆಗಿದ್ದವರು. ಹೆಂಗಸೊಬ್ಬಳ ಪರ್ಸ್ ಕದ್ದ ಆರೋಪದಲ್ಲಿ ಒಬ್ಬ ಕುಡುಕನನ್ನು ವಿಚಾರಿಸಿದರು. ನೆನಪಿಲ್ಲ, ಆದರೆ ನಾನೇ ಕದ್ದಿರಬೇಕು ಅಂತ ಅವನು ಒಪ್ಪಿಕೊಂಡ. ಆಮೇಲೆ ನೋಡಿದರೆ ಪರ್ಸ್ ಕಳುವೇ ಆಗಿರಲಿಲ್ಲ, ಆಕೆ ಎಲ್ಲೋ ಇಟ್ಟು ಮರೆತಿದ್ದಳು. ಅವನಿಗೆ ಯಾರೂ ಹೊಡೆದಿರಲಿಲ್ಲ ಅನ್ನೋದನ್ನು ಗಮನಿಸಿ.

ಅವರು ಮುಂದೆ ಮನಶ್ಶಾಸ್ತ್ರ ಓದಿ ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಪ್ರೊಫೆಸರ್ ಆದರು. 1984ರಲ್ಲಿ ಒಂದು ಪರೀಕ್ಷೆಯ ವಿಧಾನ ಪ್ರಕಟಿಸಿದರು. ಚಿಕ್ಕ ಕಥೆಯೊಂದನ್ನು ಓದಿ ಹೇಳುತ್ತಾರೆ. ಆಮೇಲೆ 20 ಪ್ರಶ್ನೆ. ಅದರಲ್ಲಿ 15 ದಾರಿ ತಪ್ಪಿಸುವಂಥವು. ಉತ್ತರ ಕೊಟ್ಟ ಮೇಲೆ ಸ್ವಲ್ಪ ಗಡುಸಾಗಿ ‘ತಪ್ಪು ಹೇಳಿದ್ದೀಯ, ಇನ್ನೊಂದು ಸಲ ಹೇಳು’ ಅನ್ನುತ್ತಾರೆ. ಎಷ್ಟು ಉತ್ತರ ಬದಲಾಯಿತು ಅಂತ ಎಣಿಸುತ್ತಾರೆ. ದೊಡ್ಡವರ ಮುಂದೆ ನಿಂತಾಗ ‘ಹೂಂ ಸ್ವಾಮಿ’ ಅನ್ನುವುದೇ ರೂಢಿಯಾದ ನಮ್ಮ ಹಳ್ಳಿ ಜನ ಇದರಲ್ಲಿ ಎಷ್ಟು ಅಂಕ ತಗೊಳ್ಳುತ್ತಾರೋ!

ಲಂಡನ್ನಿನ ಟಾಟೆನ್‌ಹ್ಯಾಮ್‌ನಲ್ಲಿ 1985ರ ಗಲಭೆಯಲ್ಲಿ ಪೊಲೀಸ್ ಒಬ್ಬರು ಕೊಲೆಯಾದರು. ಓದು ಬರಹ ಸರಿಯಾಗಿ ಬಾರದ 19ರ ಹುಡುಗನೊಬ್ಬನನ್ನು ವಕೀಲರಿಲ್ಲದೆ ಮತ್ತೆ ಮತ್ತೆ ವಿಚಾರಿಸಿ ಹೇಳಿಕೆ ಪಡೆದರು, ಜೀವಾವಧಿ ಶಿಕ್ಷೆಯಾಯಿತು. 1991ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ಶಿಕ್ಷೆ ರದ್ದು ಮಾಡಿತು. ಒತ್ತಡ ಹಾಕಿದರೆ ಈ ಹುಡುಗ ಬಾಗುವಂಥವನು ಅಂತ ತೋರಿಸುವ ಮನಶ್ಶಾಸ್ತ್ರದ ಸಾಕ್ಷ್ಯವನ್ನು ಕೋರ್ಟು ಕೇಳಲೇಬೇಕು ಅನ್ನೋದು ಆ ರಾಗಿಪ್ ಪ್ರಕರಣದಿಂದ ಗಟ್ಟಿಯಾಯಿತು. ಹುಡುಗನನ್ನು ಪರೀಕ್ಷಿಸಿದ್ದವರು ಗುಡ್ಯೋನ್‌ಸನ್.

ಇದೇ ವಿದ್ಯೆಗೆ ಇನ್ನೊಂದು ಮುಖವೂ ಇದೆ, ಅದು ನಮ್ಮ ಬೆಂಗಳೂರಿನದು. ಛಾಪಾ ಕಾಗದ ಹಗರಣದ ತೆಲಗಿಯ ಮಂಪರು ಪರೀಕ್ಷೆಯನ್ನು ಟಿವಿಯಲ್ಲಿ ನಾವೆಲ್ಲ ಬಾಯಿಬಿಟ್ಟುಕೊಂಡು ನೋಡಿದ್ದೆವು. ಇಂಜೆಕ್ಷನ್ ಕೊಟ್ಟರೆ ಸತ್ಯ ಹೊರಬರುತ್ತದೆ ಅಂತ ನಂಬಿದ್ದೆವು. ಕೊನೆಗೆ ಸೆಲ್ವಿ ವಿರುದ್ಧ ಕರ್ನಾಟಕ ಸರ್ಕಾರ ಪ್ರಕರಣದಲ್ಲಿ 2010ರ ಮೇ 5ರಂದು ಸುಪ್ರೀಂ ಕೋರ್ಟ್ ಹೇಳಿತು: ಮಂಪರು, ಸುಳ್ಳುಪತ್ತೆ, ಬ್ರೈನ್ ಮ್ಯಾಪಿಂಗ್ ಯಾವುದನ್ನೂ ಒಪ್ಪಿಗೆಯಿಲ್ಲದೆ ಮಾಡುವಂತಿಲ್ಲ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಯಾರನ್ನೂ ಬಲವಂತ ಮಾಡಬಾರದು ಅನ್ನುವ ಸಂವಿಧಾನದ 20(3)ನೇ ವಿಧಿ ಅದಕ್ಕೆ ಆಧಾರ.

ಮನಸ್ಸಿನ ವಿದ್ಯೆ ಬಲ್ಲವರು ಕೋರ್ಟಿಗೆ ಬೇಕು. ಆದರೆ ಬಾಯಿ ಬಿಡಿಸುವುದಕ್ಕಲ್ಲ, ಬಿಟ್ಟ ಬಾಯಿಯ ಮಾತು ಹೇಗೆ ಬಂತು ಅಂತ ತೂಗುವುದಕ್ಕೆ. ಜಿಲ್ಲಾ ಕೋರ್ಟುಗಳಲ್ಲಿ ಬಡ ಆರೋಪಿಗೆ ಉಚಿತ ವಕೀಲರು ಸಿಗುವ ಹಾಗೆ ಇಂಥವರೂ ಸಿಗಬೇಕು ಅನ್ನೋದು ನಮ್ಮ ಬೇಡಿಕೆ.

ನಮ್ಮ ಕಾನೂನಂತೂ ಸುದ್ದಿಗಾರರಿಗಿಂತ ಹುಷಾರಾಗಿದೆ. ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷಿಯಾಗಿ ಬಳಸುವಂತಿಲ್ಲ ಅಂತ 1872ರ ಕಾಯ್ದೆಯಲ್ಲೇ ಇತ್ತು. ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಂ ಅದನ್ನೇ ಹೇಳುತ್ತದೆ. ಆ ಹೇಳಿಕೆಯಿಂದ ಮಾಲು ಪತ್ತೆಯಾದರೆ ಅಷ್ಟು ಭಾಗಕ್ಕೆ ಮಾತ್ರ ಬೆಲೆ. ಕೋರ್ಟಿನಲ್ಲಿ ನಡೆಯದ ಮಾತನ್ನು ನಾವು ಹೆಡ್ಡಿಂಗ್ ಮಾಡಿ ಊರೆಲ್ಲ ಹಂಚುತ್ತಿದ್ದೇವೆ.

ಇನ್ನು ಮೇಲೆ ನಮ್ಮ ವರದಿಗಳಲ್ಲಿ ‘ಒಪ್ಪಿಕೊಂಡಿದ್ದಾನೆ ಎಂದು ಪೊಲೀಸರು ಹೇಳಿದ್ದಾರೆ’ ಅಂತಷ್ಟೇ ಇರುತ್ತದೆ, ಫೋಟೊ ಇರುವುದಿಲ್ಲ. ಆ ಹುಡುಗನ ಬಿಡುಗಡೆಯ ಸುದ್ದಿಯನ್ನು, ಅವನು ಒಪ್ಪಿದರೆ, ತಡವಾಗಿಯಾದರೂ ಇಲ್ಲೇ ಹಾಕುತ್ತೇವೆ.