ಭೈರಪ್ಪನವರ ಹೆಣ್ಣುಗಳು ಮತ್ತು ಒಂದು ಹಣೆಪಟ್ಟಿ

ಎಸ್.ಎಲ್. ಭೈರಪ್ಪನವರು 2025ರ ಸೆಪ್ಟೆಂಬರ್ 24ರಂದು ತೀರಿಕೊಂಡರು. ಬದುಕಿದ್ದಾಗ ಅವರನ್ನು ಸುತ್ತಿಕೊಂಡಿದ್ದ ವಾಗ್ವಾದಗಳು ಮಾತ್ರ ಅವರೊಂದಿಗೆ ತೀರಿಹೋಗಿಲ್ಲ. 2007ರ ‘ಆವರಣ’ ಎಬ್ಬಿಸಿದ ಚರ್ಚೆ ಎಲ್ಲರಿಗೂ ಗೊತ್ತು. 2010ರ ‘ಕವಲು’ ಎತ್ತಿದ ಪ್ರಶ್ನೆ ಅದಕ್ಕಿಂತ ಮನೆಗೆ ಹತ್ತಿರದ್ದು. ಆ ಕಾದಂಬರಿಯನ್ನು ಓದಿದ ಅನೇಕರು ಲೇಖಕರನ್ನು ‘ಮಹಿಳಾ ವಿರೋಧಿ’ ಎಂದು ಕರೆದರು. ಕೆಲವರು ಇನ್ನೂ ಮುಂದೆ ಹೋಗಿ ‘ಸ್ತ್ರೀದ್ವೇಷಿ’ ಎಂದರು. ಜನಪ್ರಿಯತೆಯನ್ನು ಸಹಿಸಲಾಗದವರ ಹೊಟ್ಟೆಕಿಚ್ಚು ಇದು ಎಂಬುದು ಅಭಿಮಾನಿಗಳ ಸಿದ್ಧ ಉತ್ತರವಾಯಿತು. ಹಣೆಪಟ್ಟಿ ಹಚ್ಚಿದವರು ಹಚ್ಚಿ ನಡೆದರು, ಕಿತ್ತವರು ಕಿತ್ತು ನಡೆದರು. ಪುಸ್ತಕ ನಡುವೆ ಅನಾಥವಾಗಿ ಉಳಿಯಿತು.

ದ್ವೇಷವೆಂಬುದು ಅಂತರಂಗದ ಸಂಗತಿ. ತೀರಿಹೋದ ವ್ಯಕ್ತಿಯ ಅಂತರಂಗವನ್ನು ಅಳೆಯುವ ತಕ್ಕಡಿ ಯಾರ ಬಳಿಯೂ ಇಲ್ಲ. ಆದರೆ ಕಾದಂಬರಿಗಳು ನಮ್ಮ ಮುಂದಿವೆ. ಅವುಗಳನ್ನು ಒಂದು ಸರಳ ಪ್ರಶ್ನೆಯಿಂದ ಪರೀಕ್ಷಿಸಬಹುದು: ಲೇಖಕರು ಯಾವ ಹೆಣ್ಣಿನ ಒಳಗನ್ನು ಆಲಿಸುತ್ತಾರೆ, ಯಾವ ಹೆಣ್ಣನ್ನು ಕೇವಲ ಹೊರಗಿನಿಂದ ತೋರಿಸಿ ಮುಗಿಸುತ್ತಾರೆ?

‘ಗೃಹಭಂಗ’ದ ನಂಜಮ್ಮನಿಂದಲೇ ಆರಂಭಿಸುವುದು ನ್ಯಾಯ. 1970ರ ಈ ಕಾದಂಬರಿಯ ನಂಜಮ್ಮನ ಹಿಂದೆ ಲೇಖಕರ ತಾಯಿ ಗೌರಮ್ಮನವರ ನೆರಳಿದೆ ಎಂಬುದು ಅವರ ಆತ್ಮವೃತ್ತಾಂತ ‘ಭಿತ್ತಿ’ಯನ್ನು ಓದಿದವರಿಗೆಲ್ಲ ತಿಳಿದದ್ದೇ. ಶಾನುಭೋಗಿಕೆ ಗಂಡ ಚೆನ್ನಿಗರಾಯನದು; ಲೆಕ್ಕ ಬರೆಯುವ ಕೈ ನಂಜಮ್ಮನದು. ಗಂಡ ಹೊಟ್ಟೆಬಾಕ, ಅತ್ತೆ ಗಂಗಮ್ಮ ಬಾಯಿಬಡುಕಿ. ಬರ ಮತ್ತು ಪ್ಲೇಗು ಹೊಸ್ತಿಲಲ್ಲೇ ಕಾದಿರುತ್ತವೆ. ಇವೆಲ್ಲದರ ನಡುವೆ ಮನೆಯನ್ನು ಎತ್ತಿ ನಿಲ್ಲಿಸಲು ಹೆಣಗುವ ಆ ಹೆಣ್ಣಿನ ಘನತೆ ಕನ್ನಡ ಓದುಗರ ಮನಸ್ಸಿನಿಂದ ಅಳಿಯುವಂಥದ್ದಲ್ಲ. ನನ್ನೂರು ಲಕ್ಷ್ಮೇಶ್ವರ ತಾಲ್ಲೂಕಿನ ಶಿಗ್ಲಿ, ಮಗ್ಗದ ಊರು. ನೇಕಾರರ ಮನೆಯಲ್ಲಿ ನೂಲು ಬಿಡಿಸುವವರು, ಕಂಡಿಕೆ ಸುತ್ತುವವರು ಬಹುಮಟ್ಟಿಗೆ ಹೆಣ್ಣುಮಕ್ಕಳು. ಆದರೂ ‘ನೇಕಾರ’ನೆಂದು ಕರೆಸಿಕೊಳ್ಳುವವನು ಮಗ್ಗದ ಗುಂಡಿಯಲ್ಲಿ ಕುಳಿತ ಗಂಡಸು. ದುಡಿಮೆ ಒಬ್ಬರದು, ಹೆಸರು ಇನ್ನೊಬ್ಬರದು ಎಂಬ ಈ ವ್ಯವಸ್ಥೆಯನ್ನು ಶಾನುಭೋಗರ ಲೆಕ್ಕದ ಪುಸ್ತಕದ ಮೂಲಕ ಭೈರಪ್ಪನವರಷ್ಟು ನಿಚ್ಚಳವಾಗಿ ಕಾಣಿಸಿದ ಕಾದಂಬರಿಕಾರರು ವಿರಳ. ಇಂಥ ಕೃತಿ ಬರೆದವರನ್ನು ಸ್ತ್ರೀದ್ವೇಷಿ ಎಂಬ ಒಂದೇ ಪದದಲ್ಲಿ ಮುಗಿಸುವುದು ಓದಿನ ಸೋಮಾರಿತನ.

ಆದರೆ ನಂಜಮ್ಮನಲ್ಲಿಗೇ ವಿಚಾರಣೆ ಮುಗಿಯುವುದಿಲ್ಲ. ಸಹಿಸುವ ಹೆಣ್ಣಿಗೆ ಕರುಣೆ ತೋರುವುದು ನಮ್ಮ ಸಮಾಜಕ್ಕೆ ಎಂದೂ ಕಷ್ಟವಾಗಿಲ್ಲ. ಬೇಕು ಎನ್ನುವ ಹೆಣ್ಣು ಎದುರಾದಾಗ ಲೇಖಕರು ಏನು ಮಾಡುತ್ತಾರೆ ಎಂಬುದೇ ನಿಜವಾದ ಪರೀಕ್ಷೆ. 1965ರ ‘ವಂಶವೃಕ್ಷ’ದ ಕಾತ್ಯಾಯನಿ ಯುವ ವಿಧವೆ. ಓದುತ್ತಾಳೆ, ಪ್ರೀತಿಸುತ್ತಾಳೆ, ಮಗನನ್ನು ಮಾವ ಶ್ರೀನಿವಾಸ ಶ್ರೋತ್ರಿಗಳ ಬಳಿ ಬಿಟ್ಟು ಮರುಮದುವೆಯಾಗುತ್ತಾಳೆ. ಮೇಲಿಂದ ಮೇಲೆ ಗರ್ಭಪಾತವಾಗಿ, ಪಾಪಪ್ರಜ್ಞೆಯಲ್ಲಿ ಬೆಂದು ಸಾಯುತ್ತಾಳೆ. ಲೇಖಕರು ಅವಳನ್ನು ಶಿಕ್ಷಿಸಿದರು ಎಂಬ ಆಕ್ಷೇಪದಲ್ಲಿ ಹುರುಳಿದೆ. ಆದರೆ ಅದೇ ಕಾದಂಬರಿ ಕೊನೆಯಲ್ಲಿ ಶ್ರೋತ್ರಿಗಳ ಬುಡಕ್ಕೂ ಕೊಡಲಿ ಹಾಕುತ್ತದೆ: ಯಾವ ವಂಶದ ಪಾವಿತ್ರ್ಯಕ್ಕಾಗಿ ಅವರು ಬದುಕಿದರೋ ಆ ವಂಶದ ರಕ್ತವೇ ತಮ್ಮದಲ್ಲವೆಂದು ಅವರಿಗೆ ತಿಳಿಯುತ್ತದೆ. ಕಾತ್ಯಾಯನಿಗೆ ನೋವಿದೆ, ಹಿರಿಯರಿಗೆ ಸಂಶಯವಿದೆ. ಯಾರೂ ಗೆದ್ದು ಹೊರಬರುವುದಿಲ್ಲ. ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ದಾಟು’ವಿನ ಸತ್ಯಭಾಮೆ ಅರ್ಚಕರ ಮಗಳಾಗಿ ಜಾತಿಯ ಬೇಲಿಯನ್ನು ಪ್ರಶ್ನಿಸುತ್ತಾಳೆ. ಅವಳಿಗೆ ಬುದ್ಧಿ, ಛಲ, ಏಕಾಂತ ಎಲ್ಲವನ್ನೂ ಲೇಖಕರು ಧಾರಾಳವಾಗಿ ಕೊಟ್ಟಿದ್ದಾರೆ. 1979ರ ‘ಪರ್ವ’ದಲ್ಲಿ ಕುಂತಿ, ದ್ರೌಪದಿಯರು ದೇವತ್ವದ ಹೊದಿಕೆ ಕಳಚಿ ತಮ್ಮ ದೇಹದ, ದಾಂಪತ್ಯದ ಕಥೆಯನ್ನು ತಾವೇ ನೆನೆಯುತ್ತಾರೆ.

ಇದರ ಜೊತೆಗೇ ‘ನಾಯಿನೆರಳು’ ಕಾದಂಬರಿಯನ್ನೂ ನೆನೆಯಬೇಕು. ಸತ್ತ ಗಂಡನ ಪುನರ್ಜನ್ಮವೆಂದು ನಂಬಲಾದ ಯುವಕನನ್ನು ಎದುರಿಸಬೇಕಾದ ವಿಧವೆಯ ಕಥೆ ಅದರಲ್ಲಿದೆ. ಗಿರೀಶ್ ಕಾಸರವಳ್ಳಿ 2006ರಲ್ಲಿ ಅದನ್ನು ಚಲನಚಿತ್ರವಾಗಿಸಿದಾಗ ಪುನರ್ಜನ್ಮದ ಜಿಜ್ಞಾಸೆಯನ್ನು ಹಿಂದಕ್ಕೆ ಸರಿಸಿ ವಿಧವೆ ವೆಂಕಟಲಕ್ಷ್ಮಿಯ ಬಯಕೆ ಮತ್ತು ಆಯ್ಕೆಯನ್ನು ನಡುಮನೆಗೆ ತಂದರು. ವಸ್ತು ಒಂದೇ, ನೋಡುವ ಕಣ್ಣು ಕದಲಿದೊಡನೆ ಕಥೆಯ ನ್ಯಾಯವೂ ಕದಲಿತು. ಲೇಖಕರನ್ನು ಬೈಯದೆಯೇ ಅವರ ದೃಷ್ಟಿಗೆ ಉತ್ತರ ಕೊಡಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಈ ಹಿನ್ನೆಲೆಯಲ್ಲಿ ‘ಕವಲು’ ಓದಿದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಪತ್ನಿಯನ್ನು ಕಳೆದುಕೊಂಡು, ಬುದ್ಧಿ ಕುಂಠಿತಗೊಂಡ ಮಗಳನ್ನು ಸಾಕುತ್ತಿರುವ ಉದ್ಯಮಿ ಜಯಕುಮಾರ. ಅವನ ಎರಡನೆಯ ಹೆಂಡತಿಯಾಗಿ ಬರುವ ಮಂಗಳೆ. ಅವಳಿಗೆ ಸ್ತ್ರೀವಾದದ ಪಾಠ ಹೇಳಿದ ಅಧ್ಯಾಪಕಿ ಇಳಾ. ಮಂಗಳೆಗೆ ಕಾನೂನು ಒಂದು ಆಯುಧ, ಇಳಾಗೆ ಸಿದ್ಧಾಂತ ಒಂದು ಮುಖವಾಡ. ಜಯಕುಮಾರನ ನೋವನ್ನು ನಾವು ಒಳಗಿನಿಂದ ಅನುಭವಿಸುತ್ತೇವೆ. ಈ ಇಬ್ಬರು ಹೆಂಗಸರಾದರೋ ಆರೋಪಪಟ್ಟಿಯ ಕಲಮುಗಳಂತೆ ನಮ್ಮ ಮುಂದೆ ಬಂದು ನಿಲ್ಲುತ್ತಾರೆ. ಶ್ರೋತ್ರಿಗಳಿಗೆ ದಕ್ಕಿದ ಸಂಶಯ ಈ ಕಾದಂಬರಿಯಲ್ಲಿ ಯಾರಿಗೂ ದಕ್ಕಿಲ್ಲ. ಕಾತ್ಯಾಯನಿಗೆ ದಕ್ಕಿದ ಸಂಕಟ ಮಂಗಳೆಗೆ ದಕ್ಕಿಲ್ಲ.

ಹಾಗೆಂದು ಕಾದಂಬರಿ ಎತ್ತಿದ ಸಮಸ್ಯೆ ಸುಳ್ಳಲ್ಲ. ಭಾರತೀಯ ದಂಡ ಸಂಹಿತೆಗೆ 1983ರಲ್ಲಿ ಸೇರಿದ 498ಎ ಕಲಮಿನ ದುರುಪಯೋಗದ ಕುರಿತು ಸುಪ್ರೀಂ ಕೋರ್ಟ್ 2005ರಲ್ಲಿಯೇ ಕಟುವಾಗಿ ಮಾತನಾಡಿತ್ತು. 2014ರ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಯಾಂತ್ರಿಕ ಬಂಧನಕ್ಕೆ ಕಡಿವಾಣ ಹಾಕಿತು. ಆ ತೀರ್ಪಿನಲ್ಲಿ ಉಲ್ಲೇಖಗೊಂಡ 2012ರ ಅಂಕಿಅಂಶಗಳು ಗಮನಾರ್ಹ: ಈ ಕಲಮಿನಡಿ ಬಂಧಿತರಾದವರು 1,97,762 ಮಂದಿ, ಅವರಲ್ಲಿ ಸುಮಾರು ಕಾಲುಭಾಗ ಹೆಂಗಸರು. ದೋಷಾರೋಪ ಪಟ್ಟಿ ಸಲ್ಲಿಕೆಯ ಪ್ರಮಾಣ ಶೇ 93.6 ಇದ್ದರೆ ಶಿಕ್ಷೆಯ ಪ್ರಮಾಣ ಶೇ 15 ಮಾತ್ರ. ಅತ್ತೆಯರು, ನಾದಿನಿಯರು ಠಾಣೆಯ ಮೆಟ್ಟಿಲು ಹತ್ತಿದ್ದು ಬರೀ ಕಟ್ಟುಕತೆಯಲ್ಲ. 2024ರ ಜುಲೈ 1ರಿಂದ ಇದೇ ಅಪರಾಧ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಮುಗಳಡಿ ಬರುತ್ತದೆ; ಚರ್ಚೆಯೂ ಅದರೊಂದಿಗೆ ಮುಂದುವರಿದಿದೆ.

ಆದರೆ ಇನ್ನರ್ಧ ಸತ್ಯವನ್ನು ಯಾರು ಹೇಳಬೇಕು? ಶಿಕ್ಷೆಯಾಗದ ದೂರುಗಳೆಲ್ಲ ಸುಳ್ಳು ದೂರುಗಳಲ್ಲ. ನಾಲ್ಕು ಗೋಡೆಗಳ ನಡುವಿನ ಹಿಂಸೆಗೆ ಸಾಕ್ಷಿ ಸಿಗುವುದಿಲ್ಲ. ವಿಚಾರಣೆ ವರ್ಷಗಟ್ಟಲೆ ಎಳೆಯುತ್ತದೆ. ತವರಿನ ಹಿರಿಯರು ರಾಜಿ ಮಾಡಿಸುತ್ತಾರೆ. ತಿರುಗಿ ಅದೇ ಮನೆಗೆ ಹೋಗಬೇಕಾದವಳು ಹೇಳಿಕೆ ಬದಲಿಸುತ್ತಾಳೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ಪ್ರಕಾರ 2022 ಮತ್ತು 2023ರಲ್ಲೂ ದೇಶದಲ್ಲಿ ವರ್ಷಕ್ಕೆ ಆರು ಸಾವಿರಕ್ಕೂ ಹೆಚ್ಚು ವರದಕ್ಷಿಣೆ ಸಾವುಗಳು ದಾಖಲಾಗಿವೆ. ‘ಕವಲು’ವಿನ ಜಗತ್ತಿನಲ್ಲಿ ಈ ಸತ್ತವರಿಗೆ ತಕ್ಕ ಜಾಗವಿಲ್ಲ. ‘ಕಾದಂಬರಿ ಎಲ್ಲವನ್ನೂ ಹೇಳಬೇಕೆಂದಿಲ್ಲ, ಪಾತ್ರಗಳ ಮಾತು ಲೇಖಕರ ಮಾತಲ್ಲ’ ಎಂಬ ಸಮರ್ಥನೆ ಇಲ್ಲಿ ಸಾಲದು. ಒಂದು ಕಾನೂನಿನ ವಿರುದ್ಧ, ಒಂದು ಚಳವಳಿಯ ವಿರುದ್ಧ ವಾದ ಮಂಡಿಸುವ ಕೃತಿಯನ್ನು ವಾದವೆಂದೇ ಪರಿಶೀಲಿಸಬೇಕಾಗುತ್ತದೆ. ಅಧ್ಯಯನಶೀಲತೆಗೆ ಹೆಸರಾದ ಲೇಖಕರಿಂದ ಎದುರುಪಕ್ಷದ ಸಾಕ್ಷಿಯನ್ನೂ ನಿರೀಕ್ಷಿಸುವ ಹಕ್ಕು ಓದುಗರಿಗಿದೆ. ಹೆಂಗಸರೇ ದೊಡ್ಡ ಸಂಖ್ಯೆಯಲ್ಲಿ ಭೈರಪ್ಪನವರನ್ನು ಓದುತ್ತಾರೆ ಎಂಬ ಇನ್ನೊಂದು ಸಮರ್ಥನೆಯೂ ಉತ್ತರವಲ್ಲ. ಓದುಗಿಯ ಮೆಚ್ಚುಗೆ ಲೇಖಕರ ಶಕ್ತಿಗೆ ಸಾಕ್ಷಿ, ಅವರ ನ್ಯಾಯಕ್ಕಲ್ಲ.

ಹಾಗಾದರೆ ನಂಜಮ್ಮನನ್ನು ಕಂಡವರು ಮಂಗಳೆಯನ್ನೇಕೆ ಕಾಣಲಿಲ್ಲ? ನನಗೆ ತೋರುವ ಉತ್ತರ ಇಷ್ಟು. ಜಾತಿಯನ್ನೋ ಚರಿತ್ರೆಯನ್ನೋ ಪ್ರಶ್ನಿಸುವ ಹೆಣ್ಣಿಗೆ ಭೈರಪ್ಪನವರು ಸಂಪೂರ್ಣ ಅಂತರಂಗ ಕೊಡುತ್ತಾರೆ. ‘ದಾಟು’ವಿನ ಸತ್ಯಭಾಮೆ, ‘ಆವರಣ’ದ ಲಕ್ಷ್ಮಿ ಇದಕ್ಕೆ ಉದಾಹರಣೆ. ಕುಟುಂಬದೊಳಗೇ ಹಕ್ಕು ಕೇಳಿ ಹೊರಗಿನ ಕಟ್ಟೆಗೆ, ಅಂದರೆ ಪೊಲೀಸು, ಕೋರ್ಟು, ಸಂಘಟನೆಗಳ ಬಳಿಗೆ ಹೋಗುವ ಹೆಣ್ಣಿನ ಎದುರು ಅವರ ಸಹಾನುಭೂತಿ ಬಾಗಿಲು ಹಾಕಿಕೊಳ್ಳುತ್ತದೆ. 2017ರ ‘ಉತ್ತರಕಾಂಡ’ದಲ್ಲಿ ಸೀತೆಯೇ ಕಥೆ ಹೇಳುತ್ತಾಳೆ, ತನ್ನನ್ನು ತೊರೆದ ರಾಮನನ್ನು ಪ್ರಶ್ನಿಸುತ್ತಾಳೆ ಎಂಬುದು ನಿಜ, ‘ಕವಲು’ ಬರೆದು ಏಳು ವರ್ಷಗಳ ನಂತರ ಬಂದ ಈ ಕೃತಿಯನ್ನು ಬದಿಗಿಟ್ಟು ತೀರ್ಪು ಕೊಡುವವರು ಪ್ರಾಮಾಣಿಕರಲ್ಲ. ಆದರೂ ಸೀತೆ ಎಲ್ಲವನ್ನೂ ಸಹಿಸಿ ಬಂದವಳು. ಅವಳ ಪ್ರಶ್ನೆಗೆ ನೈತಿಕ ಅಧಿಕಾರ ಬಂದಿರುವುದೇ ಆ ಸಹನೆಯಿಂದ. ಸಹಿಸಲು ಒಪ್ಪದವಳಿಗೂ ಅದೇ ಅಧಿಕಾರ ಉಂಟೇ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಈ ಬಗೆಯ ಇಕ್ಕಟ್ಟು ನಮ್ಮಲ್ಲಿ ಮಾತ್ರ ಹುಟ್ಟಿದ್ದಲ್ಲ. ‘ಅನ್ನಾ ಕರೆನಿನಾ’ ಬರೆದ ಟಾಲ್‌ಸ್ಟಾಯ್ ಅವರೇ ‘ಕ್ರೂಟ್ಸರ್ ಸೊನಾಟಾ’ವನ್ನೂ ಬರೆದರು. ದಾಂಪತ್ಯವನ್ನು ವಿಷವಾಗಿ ಕಂಡ ಆ ಕೃತಿಯ ಮೇಲಿನ ನಿರ್ಬಂಧವನ್ನು ಸಡಿಲಿಸಲು 1891ರಲ್ಲಿ ಸ್ವತಃ ಅವರ ಪತ್ನಿ ಸೋಫಿಯಾ ಚಕ್ರವರ್ತಿಯ ಬಳಿಗೆ ಹೋಗಿ ಕೇಳಿಕೊಂಡರು. ಬಳಿಕ ಅದೇ ಕೃತಿಗೆ ಉತ್ತರವಾಗಿ ತಾವೂ ಒಂದು ಕಾದಂಬರಿ ಬರೆದರು. ಅದು ಅಚ್ಚಾದದ್ದು 1994ರಲ್ಲಿ, ನೂರು ವರ್ಷ ತಡವಾಗಿ. ಗಂಡನಿಗೆ ಅವರು ಹಣೆಪಟ್ಟಿ ಹಚ್ಚಲಿಲ್ಲ. ಅವನ ಪುಸ್ತಕವನ್ನು ಸುಮ್ಮನೆ ಬಿಡಲೂ ಇಲ್ಲ.

ನನ್ನ ಮಟ್ಟಿಗೆ ‘ಕವಲು’ ಹೆಣ್ಣಿಗೆ ಅನ್ಯಾಯ ಮಾಡಿದ ಕೃತಿ. ಹೀಗೆನ್ನಲು ನನಗೆ ಸಂಕೋಚವಿಲ್ಲ. ಆದರೆ ಈ ಮಾತನ್ನು ಕೃತಿಯ ಮೇಲೆ ಹೊರಿಸುವುದಕ್ಕೂ ಐದು ದಶಕ ಮೀರಿದ ಬರವಣಿಗೆಯ ಮೇಲೆ, ಒಬ್ಬ ವ್ಯಕ್ತಿಯ ಮೇಲೆ ಹೊರಿಸುವುದಕ್ಕೂ ಅಂತರವಿದೆ. ಕಠಿಣ ಪದ ಬಳಸುವವರು ಸಾಕ್ಷ್ಯದ ಹೊರೆಯನ್ನೂ ಹೊರಬೇಕು. ಸಾಕ್ಷ್ಯವಿಲ್ಲದ ಬೈಗುಳದಿಂದ ಲಾಭವಾಗುವುದು ಲೇಖಕರಿಗೇ: ಅವರು ಹುತಾತ್ಮರಾಗುತ್ತಾರೆ, ಪುಸ್ತಕ ಪ್ರಶ್ನೆಗಳಿಂದ ಪಾರಾಗುತ್ತದೆ.

ಭೈರಪ್ಪನವರು ಹುಟ್ಟಿದ ಹಾಸನ ಜಿಲ್ಲೆಯಲ್ಲೇ ವಕೀಲರಾಗಿ ದುಡಿದ ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂದಿತು. ಮನೆಯೊಳಗಿನ ನ್ಯಾಯಕ್ಕಾಗಿ ಹಂಬಲಿಸುವ ಹೆಂಗಸರು ಅವರ ಕಥೆಗಳ ತುಂಬ ಇದ್ದಾರೆ. ‘ಕವಲು’ ಮತ್ತು ಈ ಕಥೆಗಳು ಒಂದೇ ಕಪಾಟಿನಲ್ಲಿರಲಿ. ಎರಡನ್ನೂ ಓದಿದ ಓದುಗ ತಾನೇ ತೀರ್ಮಾನಿಸಲಿ. ಹಣೆಪಟ್ಟಿ ಓದನ್ನು ನಿಲ್ಲಿಸುತ್ತದೆ. ಭೈರಪ್ಪನವರೊಡನೆ ನಮಗಿರುವ ಜಗಳ ನಿಲ್ಲುವಂಥದ್ದಲ್ಲ, ನಿಲ್ಲಲೂಬಾರದು.