ಬದಲಿಸುವ ಮುನ್ನ ಅಳೆಯಿರಿ

ಸರ್ಕಾರಿ ಕಚೇರಿಯಿಂದ ಒಂದು ಮುರುಕು ಕುರ್ಚಿಯನ್ನು ಹೊರಹಾಕಬೇಕಾದರೂ ಕಾಗದದ ಮೇಲೆ ಕಾರಣ ಬರೆಯಬೇಕು. ಯಾವುದೇ ವಸ್ತುವನ್ನು ನಿರುಪಯುಕ್ತವೆಂದು ಘೋಷಿಸುವಾಗ ಕಾರಣಗಳು ದಾಖಲೆಯಲ್ಲಿರಬೇಕೆಂಬುದು 2017ರ ಸಾಮಾನ್ಯ ಹಣಕಾಸು ನಿಯಮಗಳ 217ನೆಯ ನಿಯಮದ ವಿಧಿ. ಕೇಂದ್ರ ಸರ್ಕಾರದ ಅಧಿಕಾರಿಯಾಗಿ ಈ ನಿಯಮವನ್ನು ನಾನು ಎಷ್ಟೋ ಸಲ ಗೊಣಗುತ್ತಲೇ ಪಾಲಿಸಿದ್ದೇನೆ. ಕಳೆದ ಮಳೆಗಾಲದಲ್ಲಿ ನನ್ನ ಸ್ವಂತ ಕಾರಿನ ಕ್ಲಚ್ ಕೆಟ್ಟಾಗ ಅದರ ಬೆಲೆ ಏನೆಂಬುದು ನನಗೆ ಅರಿವಾಯಿತು.

ಕ್ರೋಂಪೇಟೆಯ ಮನೆಯಿಂದ ನುಂಗಂಬಾಕ್ಕದ ಕಚೇರಿಗೆ ಜಿ.ಎಸ್.ಟಿ. ರಸ್ತೆಯಲ್ಲಿ ಹೋಗಿಬರುವುದೆಂದರೆ ಎಡಗಾಲಿಗೆ ಬಿಡುವಿಲ್ಲದ ಕೆಲಸ. ಕ್ಲಚ್ಚನ್ನು ಅರ್ಧ ಒತ್ತಿಯೇ ವಾಹನದ ಸಾಲಿನಲ್ಲಿ ತೆವಳುವ ಕೆಟ್ಟ ಅಭ್ಯಾಸ ನನ್ನದು. ತಪ್ಪನ್ನು ಬೇರೆಯವರ ಮೇಲೆ ಹೊರಿಸುವಂತಿಲ್ಲ. ಕತ್ತಿಪಾರಾ ಮೇಲ್ಸೇತುವೆಯ ಏರಿನಲ್ಲಿ ಎಂಜಿನ್ನಿನ ಸದ್ದು ಏರತೊಡಗಿತು, ವೇಗ ಮಾತ್ರ ಏರಲಿಲ್ಲ. ಸುಟ್ಟ ವಾಸನೆಯೂ ಬಂತು. ಕಾರನ್ನು ಒಪ್ಪಿಸಿದ ದೊಡ್ಡ ವರ್ಕ್‌ಷಾಪಿನವರು ಗೇರ್ ಬಾಕ್ಸ್ ಇಳಿಸಿ ನೋಡಿ ಒಂದು ಅಂದಾಜು ಪಟ್ಟಿ ಕೊಟ್ಟರು. ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ಬೇರಿಂಗ್, ಫ್ಲೈವೀಲ್: ನಾಲ್ಕರ ಮುಂದೆಯೂ ‘ಬದಲಿಸುವುದು’ ಎಂಬ ಒಂದೇ ಪದ. ಮೊದಲ ಮೂರರ ಬಗ್ಗೆ ನನ್ನ ತಕರಾರಿರಲಿಲ್ಲ. ಗೇರ್ ಬಾಕ್ಸ್ ಇಳಿಸುವ ಕೂಲಿಯೇ ದೊಡ್ಡದಾದ್ದರಿಂದ ಒಮ್ಮೆ ಬಿಚ್ಚಿದಾಗ ಸವೆಯುವ ಭಾಗಗಳನ್ನೆಲ್ಲ ಒಟ್ಟಿಗೆ ಬದಲಿಸುವುದು ವಿವೇಕವೇ ಸರಿ. ಆದರೆ ಫ್ಲೈವೀಲ್ ಏಕೆಂದು ಕೇಳಿದೆ. “ಗೀರು ಬಿದ್ದಿದೆ” ಎಂದರು. ಎಷ್ಟು ಆಳ ಎಂದರೆ ಉತ್ತರವಿಲ್ಲ. ಅಳೆದವರೇ ಇರಲಿಲ್ಲ!

ಫ್ಲೈವೀಲ್ ಎಂಬುದು ಎಂಜಿನ್ನಿನ ಕ್ರ್ಯಾಂಕ್ ಶಾಫ್ಟಿಗೆ ಬಿಗಿದ ಭಾರವಾದ ಚಕ್ರ. ಸಾಮಾನ್ಯವಾಗಿ ಎರಕದ ಕಬ್ಬಿಣದ್ದು. ನಾವು ಪೆಡಲಿನಿಂದ ಕಾಲು ತೆಗೆದಾಗ ಪ್ರೆಷರ್ ಪ್ಲೇಟಿನ ಸ್ಪ್ರಿಂಗು ಕ್ಲಚ್ ಪ್ಲೇಟನ್ನು ಈ ಚಕ್ರದ ಮುಖಕ್ಕೆ ಒತ್ತಿಹಿಡಿಯುತ್ತದೆ. ಆ ಹಿಡಿತದಿಂದಲೇ ಎಂಜಿನ್ನಿನ ಬಲ ಗಾಲಿಗಳಿಗೆ ಹೋಗುತ್ತದೆ. ಪೆಡಲು ಅರ್ಧದಲ್ಲೇ ನಿಂತರೆ ಎರಡೂ ಉಜ್ಜಿಕೊಂಡು ಕಾಯುತ್ತವೆ. ಚಕ್ರದ ಮುಖದಲ್ಲಿ ನೀಲಿ ಕಲೆಗಳು, ಕೂದಲೆಳೆಯ ಬಿರುಕುಗಳು ಮೂಡುತ್ತವೆ. ಪ್ಲೇಟಿನ ಹೊದಿಕೆ ಪೂರ್ತಿ ಸವೆದರೆ ರಿವೆಟ್ಟುಗಳು ಕೆರೆದು ಗೀರು ಬೀಳುತ್ತದೆ. ಗೀರು ಆಳವಿಲ್ಲದಿದ್ದರೆ ಮುಖವನ್ನು ಸಮನಾಗಿ ಹೆರೆದು ಅದೇ ಚಕ್ರವನ್ನು ಮತ್ತೆ ಕೂರಿಸಬಹುದು.

ವರ್ಕ್‌ಷಾಪಿನವರ ಒಪ್ಪಿಗೆ ಪಡೆದು ಆ ಚಕ್ರವನ್ನು ಪಮ್ಮಲ್ ಕಡೆಯ ಒಂದು ಲೇತ್ ಅಂಗಡಿಗೆ ಒಯ್ದೆ. ನನ್ನ ಹೆಂಡತಿಯೊಡನೆ ಫೋನಿನಲ್ಲಿ ಆಡಿದ ಮಾತು ಅಂಗಡಿಯವರ ಕಿವಿಗೆ ಬಿತ್ತು. “ನಿಮ್ಮದು ಯಾವೂರು ಸಾರ್?” ಎಂದು ಕನ್ನಡದಲ್ಲೇ ಕೇಳಿದರು, ಕೃಷ್ಣಗಿರಿ ಜಿಲ್ಲೆಯ ತಳಿಯ ಕಡೆಯವರಂತೆ. ಚಕ್ರವನ್ನು ಒರೆಸಿ, ದಪ್ಪವನ್ನು ಅಳೆದು, ಡಯಲ್ ಗೇಜ್ ಇಟ್ಟು ತಿರುಗಿಸಿ, “ಇನ್ನೂ ಲೋಹ ಇದೆ ಸಾರ್” ಎಂದರು. ನೀಲಿ ಕಲೆ ಬಿದ್ದ ಜಾಗ ಗಟ್ಟಿಯಾಗಿರುವುದರಿಂದ ಲೇತಿನ ಉಳಿ ಅದರ ಮೇಲೆ ಜಾರುತ್ತದೆ, ಗ್ರೈಂಡಿಂಗ್ ಮಾಡುವುದೇ ಮೇಲು ಎಂದು ವಿವರಿಸಿದರು. ತೆಗೆದದ್ದು ಅರ್ಧ ಮಿಲಿಮೀಟರಿಗೂ ಕಡಿಮೆ. ಅಂಚಿನಲ್ಲಿ ಮೆಟ್ಟಿಲಿರುವ ಚಕ್ರವಾದರೆ ಮುಖದಿಂದ ತೆಗೆದಷ್ಟನ್ನೇ ಮೆಟ್ಟಿಲಿನಿಂದಲೂ ತೆಗೆಯಬೇಕು, ಇಲ್ಲವಾದರೆ ಪ್ರೆಷರ್ ಪ್ಲೇಟಿನ ಹಿಡಿತ ಸಡಿಲಾಗುತ್ತದೆ ಎಂಬ ಪಾಠವೂ ನನಗೆ ಪುಕ್ಕಟೆಯಾಗಿ ಸಿಕ್ಕಿತು.

ನನ್ನ ಮನಸ್ಸಿನಲ್ಲಿ ನಿಂತದ್ದು ಮಾತ್ರ ಪಕ್ಕದಲ್ಲಿದ್ದ ಇನ್ನೊಂದು ಚಕ್ರ. ಅದರ ಬಿರುಕು ಬೋಲ್ಟಿನ ತೂತಿನವರೆಗೆ ಇಳಿದಿತ್ತು. ಅದನ್ನು ಅವರು ಹೆರೆಯಲು ಒಪ್ಪಿರಲಿಲ್ಲ. “ಓಡುವಾಗ ಒಡೆದರೆ ಗಾಡಿಯೊಳಗಿರುವವರ ಗತಿ ಏನು?” ಎಂದರು. ತಯಾರಕರು ಹೇಳುವ ಕನಿಷ್ಠ ದಪ್ಪಕ್ಕಿಂತ ತೆಳುವಾದ ಚಕ್ರವನ್ನೂ ಅವರು ಮುಟ್ಟುವುದಿಲ್ಲ. ಈಚಿನ ಹಲವು ಡೀಸೆಲ್ ಕಾರುಗಳಲ್ಲಿರುವ, ಒಳಗೆ ಸ್ಪ್ರಿಂಗುಗಳುಳ್ಳ ಜೋಡಿ ಚಕ್ರ ಸಡಿಲಾಗಿದ್ದರೆ ಮುಖ ಹೆರೆದು ಪ್ರಯೋಜನವಿಲ್ಲ, ಬದಲಿಸಲೇಬೇಕು. ‘ಆಗುತ್ತದೆ’ ಎಂದು ಹೇಳಬಲ್ಲವನಿಗೆ ‘ಆಗದು’ ಎಂದು ಹೇಳುವ ಅಧಿಕಾರವೂ ಅಳತೆಯಿಂದಲೇ ಬರುತ್ತದೆ.

ನಮ್ಮ ಊರಿಗೆ ಹೆಸರು ಬಂದದ್ದೇ ಕ್ರೋಂ ಲೆದರ್ ಕಾರ್ಖಾನೆಯಿಂದ. ಮದರಾಸಿನಲ್ಲಿ ಕ್ರೋಂ ಹದದ ಪ್ರಯೋಗಗಳನ್ನು ನಡೆಸಿದ ಆಲ್ಫ್ರೆಡ್ ಚಾಟರ್ಟನ್ನರು ಅನಂತರ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ನಿರ್ದೇಶಕರಾಗಿ ಬಂದರೆಂಬುದನ್ನು ನಮ್ಮ ಓದುಗರು ಬಲ್ಲರು. 1949ರಲ್ಲಿ ಇಲ್ಲಿ ಆರಂಭವಾದ ಮದ್ರಾಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಮೋಟಾರು ವಾಹನ ತಂತ್ರಜ್ಞಾನವನ್ನೂ ಕಲಿಸುತ್ತ ಬಂದಿದೆ. ಇಂಥ ಊರಿನಲ್ಲಿಯೂ ದುರಸ್ತಿ ಬಲ್ಲ ಕೈಗಳಿಗೆ ಕೆಲಸ ತಪ್ಪುತ್ತಿದ್ದರೆ ಅದಕ್ಕೆ ಅವರ ಅಜ್ಞಾನ ಕಾರಣವಲ್ಲ.

ಬಿಡಿಭಾಗ, ಉಪಕರಣ, ಕೈಪಿಡಿಗಳನ್ನು ಸ್ವತಂತ್ರ ದುರಸ್ತಿಗಾರರಿಗೆ ದೊರಕದಂತೆ ಮಾಡಿದ್ದಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟಿನಲ್ಲಿ 14 ಕಾರು ತಯಾರಕರಿಗೆ ಸುಮಾರು 2,544 ಕೋಟಿ ರೂಪಾಯಿ ದಂಡ ವಿಧಿಸಿತು. ವಿಷಯ ಮೇಲ್ಮನವಿಗೆ ಹೋಯಿತು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿಯ ಹಕ್ಕಿನ ಕುರಿತು ಸಮಿತಿ ರಚಿಸಿ, ಮೋಟಾರು ವಾಹನಗಳನ್ನೂ ಅದರ ವ್ಯಾಪ್ತಿಗೆ ತಂದಿತು. ಇದು ಸ್ವಾಗತಾರ್ಹ. ಆದರೆ ಅದೇ ಸರ್ಕಾರ 15 ವರ್ಷ ಮೀರಿದ ತನ್ನ ವಾಹನಗಳ ನೋಂದಣಿಯನ್ನು 2023ರ ಏಪ್ರಿಲ್ 1ರಿಂದ ವಯಸ್ಸೊಂದನ್ನೇ ನೋಡಿ ಕೊನೆಗೊಳಿಸಿತು. ಹೊಗೆಯ ದೃಷ್ಟಿಯಿಂದ ಅದಕ್ಕೆ ಸಮರ್ಥನೆ ಇರಬಹುದು. ವಯಸ್ಸು ಲೆಕ್ಕ ಹಾಕುವುದು ಸುಲಭ, ಸವೆತ ಅಳೆಯುವುದು ಕಷ್ಟ. ಸುಲಭವಾದುದನ್ನೇ ನ್ಯಾಯವೆಂದುಕೊಳ್ಳುವ ರೂಢಿ ಮಾತ್ರ ಕಚೇರಿಯಲ್ಲಾಗಲಿ ವರ್ಕ್‌ಷಾಪಿನಲ್ಲಾಗಲಿ ಒಳ್ಳೆಯದಲ್ಲ.

ಆದ್ದರಿಂದ ನನ್ನ ಬೇಡಿಕೆ ಚಿಕ್ಕದು. ‘ಬದಲಿಸುವುದು’ ಎಂದು ಬರೆಯುವ ಪ್ರತಿಯೊಂದು ಅಂದಾಜು ಪಟ್ಟಿಯಲ್ಲಿಯೂ ಆ ಭಾಗದ ಈಗಿನ ಅಳತೆ ಎಷ್ಟು, ತಯಾರಕರು ಒಪ್ಪುವ ಕನಿಷ್ಠ ಅಳತೆ ಎಷ್ಟು ಎಂಬ ಎರಡು ಅಂಕಣಗಳು ಇರಬೇಕು. ಹಳೆಯ ಭಾಗವನ್ನು ಮಾಲೀಕನಿಗೆ ತೋರಿಸಬೇಕು. ಕಾನೂನು ಬರುವವರೆಗೆ ನಾವೇ ಕೇಳೋಣ. ಪರಸ್ಥಳದಲ್ಲಿರುವ ನಾವು ಭಾಷೆಯ ಅಳುಕಿನಿಂದ ಕೇಳಬೇಕಾದುದನ್ನು ಕೇಳದೆ ಹಣ ಕಟ್ಟಿ ಬರುವುದು ಹೆಚ್ಚು. ತಮಿಳು ತಡವರಿಸಿದರೂ ಚಿಂತೆಯಿಲ್ಲ, ‘ಎಷ್ಟು ಸವೆದಿದೆ?’ ಎಂಬ ಪ್ರಶ್ನೆ ಯಾವ ಭಾಷೆಯಲ್ಲಾದರೂ ಅರ್ಥವಾಗುತ್ತದೆ.

ಹೆರೆದ ಚಕ್ರದಿಂದಲೇ ನನ್ನ ಕಾರು ಈಗ ಓಡುತ್ತಿದೆ. ಎಡಗಾಲಿನ ಅಭ್ಯಾಸವನ್ನೂ ತಿದ್ದಿಕೊಳ್ಳುತ್ತಿದ್ದೇನೆ.